ಪುರಸಭೆ ಬಜೆಟ್: ಶಾಖೆಗಳ ಬೇಡಿಕೆ ಪಟ್ಟಿಯನ್ನು ಪರಿಶೀಲಿಸುವ ಸರಿಯಾದ ಕ್ರಮ ಯಾವುದು?

ಸ್ಥಾಯಿಸಮಿತಿ_23

ಎಲ್ಲರಿಗೂ ನಮಸ್ಕಾರ. ನಮ್ಮದು ಸುಮಾರು 35,000 ಜನಸಂಖ್ಯೆಯ, 23 ವಾರ್ಡುಗಳ ಪುರಸಭೆ. 2025-26ರ ಆಯವ್ಯಯಕ್ಕೆ ಎಲ್ಲ ಶಾಖೆಗಳಿಂದ ಬೇಡಿಕೆ ಪಟ್ಟಿ ಬಂದಿದೆ. ಎಲ್ಲವನ್ನೂ ಕೂಡಿದರೆ ನಮ್ಮ ಸ್ವಂತ ವರಮಾನ ಮತ್ತು ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಮುಕ್ತನಿಧಿ ಸೇರಿದ ಮೊತ್ತದ ಒಂದೂವರೆ ಪಟ್ಟು ಆಗುತ್ತಿದೆ.

ನೀರು ಸರಬರಾಜು ಶಾಖೆಯವರು ವಿದ್ಯುತ್, ಆಲಂ (ನೀರು ತಿಳಿ ಮಾಡುವ ಪಟಿಕ), ಬ್ಲೀಚಿಂಗ್ ಪೌಡರ್ ಜೊತೆಗೆ 6 ಹೊಸ ಕೊಳವೆಬಾವಿ ಕೇಳಿದ್ದಾರೆ. ಆರೋಗ್ಯ ಶಾಖೆಯವರದು 2 ಆಟೋ ಟಿಪ್ಪರ್ (ಮನೆ ಮನೆಯ ಕಸ ಒಯ್ಯುವ ಸಣ್ಣ ಗಾಡಿ), ಒಂದು ಹಳೇ ಲಾರಿಯ ದುರಸ್ತಿ, ಸುರಕ್ಷಾ ಸಾಮಗ್ರಿ. ತಾಂತ್ರಿಕ ಶಾಖೆಯ ಪಟ್ಟಿಯಲ್ಲಿ ವಾರ್ಡಿಗೆ ತಲಾ 5 ಲಕ್ಷದಂತೆ 23 ರಸ್ತೆ–ಚರಂಡಿ ಕಾಮಗಾರಿ. ಪ್ರತಿ ಸಾಲಿನ ಮುಂದೆ ಮೊತ್ತ ಮಾತ್ರ ಇದೆ, ಲೆಕ್ಕ ಇಲ್ಲ.

ಹಿಂದಿನ ವರ್ಷಗಳಲ್ಲಿ ಎಲ್ಲರಿಗೂ ಸಮನಾಗಿ ಶೇ 30 ಕಡಿತ ಮಾಡಿ ಮುಗಿಸಿದ್ದಾರೆ. ಈ ಬಾರಿ ಸ್ಥಾಯಿ ಸಮಿತಿಯಲ್ಲಿ ಸಾಲು ಸಾಲಾಗಿ ನೋಡಬೇಕು ಎಂದುಕೊಂಡಿದ್ದೇವೆ. ಯಾವ ಕಾಗದ ಕೇಳಬೇಕು, ಯಾವುದನ್ನು ಮೊದಲು ನೋಡಬೇಕು, ಎಲ್ಲಿ ಮೋಸ ಹೋಗುತ್ತೇವೆ ಎಂದು ತಿಳಿದವರು ಹೇಳಿ.

ಲೆಕ್ಕಶಾಖೆ

ಎಲ್ಲರಿಗೂ ಶೇ 30 ಕಡಿತ ಎಂದರೆ ಪರಿಶೀಲನೆಯನ್ನೇ ಮಾಡಲಿಲ್ಲ ಎಂದರ್ಥ. ವಿದ್ಯುತ್ ಶೀರ್ಷಿಕೆಯಲ್ಲಿ (ಬಜೆಟ್‌ನ ಖರ್ಚಿನ ಬಾಬ್ತಿನಲ್ಲಿ) ಶೇ 30 ಕಡಿಮೆ ಬರೆದ ಮಾತ್ರಕ್ಕೆ ಬಿಲ್ಲು ಕಡಿಮೆ ಬರುವುದಿಲ್ಲ. ಡಿಸೆಂಬರ್ ಹೊತ್ತಿಗೆ ಆ ಶೀರ್ಷಿಕೆ ಖಾಲಿಯಾಗುತ್ತದೆ, ಆಗ ಚರಂಡಿ ದುರಸ್ತಿಯಿಂದಲೋ ಬೀದಿದೀಪದಿಂದಲೋ ಎತ್ತಿ ಹಾಕಬೇಕಾಗುತ್ತದೆ. ಕಡಿತ ಇದ್ದೇ ಇರುತ್ತದೆಂದು ಗೊತ್ತಾದ ಶಾಖೆಗಳು ಮರುವರ್ಷದಿಂದ ಒಂದೂವರೆ ಪಟ್ಟು ಬರೆದೇ ಕಳಿಸುತ್ತವೆ. ನಿಮ್ಮ ಒಟ್ಟು ಮೊತ್ತ ಒಂದೂವರೆ ಪಟ್ಟು ಬಂದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಖರ್ಚಿನ ಪಟ್ಟಿಗೆ ಕೈ ಹಾಕುವ ಮುನ್ನ ಆರಂಭಿಕ ಶಿಲ್ಕನ್ನು (ವರ್ಷದ ಆರಂಭದಲ್ಲಿ ಕೈಯಲ್ಲಿರುವ ಹಣವನ್ನು) ಬಿಡಿಸಿ ನೋಡಿ. ನಮ್ಮ ಪುರಸಭೆಗಳ "ಉಳಿತಾಯ ಬಜೆಟ್" ನಿಂತಿರುವುದೇ ಈ ಸಂಖ್ಯೆಯ ಮೇಲೆ. ಉದಾಹರಣೆಗೆ ಬ್ಯಾಂಕ್ ಪುಸ್ತಕಗಳಲ್ಲಿ ಒಟ್ಟು 3 ಕೋಟಿ 40 ಲಕ್ಷ ಇದೆ ಎನ್ನಿ. ಅದರಲ್ಲಿ ಖರ್ಚಾಗದ ಯೋಜನಾ ಅನುದಾನ 1 ಕೋಟಿ 62 ಲಕ್ಷ, ಗುತ್ತಿಗೆದಾರರ ಇಎಂಡಿ (ಟೆಂಡರ್ ಜೊತೆ ಕಟ್ಟುವ ಠೇವಣಿ) ಮತ್ತು ಭದ್ರತಾ ಠೇವಣಿ 58 ಲಕ್ಷ, ಸರ್ಕಾರಕ್ಕೆ ಕಟ್ಟಬೇಕಾದ ಸೆಸ್ 41 ಲಕ್ಷ, ಹಿಂದಿನ ವರ್ಷಗಳಲ್ಲಿ ಪರಿಶಿಷ್ಟರು, ಬಡವರು, ವಿಕಲಚೇತನರಿಗೆ ಮೀಸಲಿಟ್ಟು ಖರ್ಚಾಗದ ಬಾಕಿ 27 ಲಕ್ಷ. ಇಷ್ಟನ್ನು ಕಳೆದರೆ ಉಳಿಯುವುದು 52 ಲಕ್ಷ. ಕೊಟ್ಟಿದ್ದರೂ ಬ್ಯಾಂಕಿಗೆ ಹಾಜರಾಗದ ಚೆಕ್ಕು 14 ಲಕ್ಷ, ಪಾಸಾಗಿಯೂ ಪಾವತಿಯಾಗದ ಬಿಲ್ಲು 31 ಲಕ್ಷ. ನಿಜವಾಗಿ ಕೈಯಲ್ಲಿರುವುದು 7 ಲಕ್ಷ! ಮೂರೂ ಚಿಲ್ಲರೆ ಕೋಟಿ ಇದೆಯೆಂದು ನಂಬಿ ಹೊಸ ಕಾಮಗಾರಿ ಸೇರಿಸಿದರೆ ಮುಂದೆ ಠೇವಣಿ ವಾಪಸ್ ಕೇಳಿ ಬಂದವರಿಗೆ ಕೊಡಲು ಹಣ ಇರುವುದಿಲ್ಲ. ಹಾಗಾಗಿ ಲೆಕ್ಕಿಗರಿಂದ ಬ್ಯಾಂಕ್ ಖಾತೆವಾರು ಶಿಲ್ಕು, ಬ್ಯಾಂಕ್ ಹೊಂದಾಣಿಕೆ ಪಟ್ಟಿ (ನಮ್ಮ ಪುಸ್ತಕ ಮತ್ತು ಬ್ಯಾಂಕಿನ ಲೆಕ್ಕ ತಾಳೆ ಮಾಡಿದ್ದು), ಠೇವಣಿ ವಹಿ ಈ ಮೂರನ್ನೂ ತರಿಸಿಕೊಳ್ಳಿ.

ವರಮಾನದ ಕಡೆ ಆಸ್ತಿ ತೆರಿಗೆಗೆ ಡಿಸಿಬಿ (ಬೇಡಿಕೆ, ವಸೂಲಿ, ಬಾಕಿ) ಪಟ್ಟಿಯೇ ಆಧಾರ. ಚಾಲ್ತಿ ಬೇಡಿಕೆ 1 ಕೋಟಿ 80 ಲಕ್ಷ, ಕಳೆದ ಮೂರು ವರ್ಷದ ಸರಾಸರಿ ವಸೂಲಿ ಶೇ 75 ಎಂದಾದರೆ 1 ಕೋಟಿ 35 ಲಕ್ಷ ಬರೆಯಿರಿ. ಹಳೇ ಬಾಕಿ 90 ಲಕ್ಷದಲ್ಲಿ ಶೇ 20 ಬರುತ್ತಿದ್ದರೆ 18 ಲಕ್ಷ. ಒಟ್ಟು 1 ಕೋಟಿ 53 ಲಕ್ಷ. ಬೇಡಿಕೆ ಮತ್ತು ಬಾಕಿ ಎರಡನ್ನೂ ಪೂರ್ತಿ ಕೂಡಿ 2 ಕೋಟಿ 70 ಲಕ್ಷ ಎಂದು ಬರೆದುಕೊಂಡರೆ 1 ಕೋಟಿ 17 ಲಕ್ಷದ ಕಾಮಗಾರಿಗೆ ಹಣವೇ ಇಲ್ಲದೆ ಅನುಮೋದನೆ ಕೊಟ್ಟ ಹಾಗೆ. ತೆರಿಗೆಯ ಮೇಲಿನ ಆರೋಗ್ಯ ಸೆಸ್ ಶೇ 15, ಗ್ರಂಥಾಲಯ ಸೆಸ್ ಶೇ 6, ಭಿಕ್ಷುಕರ ಸೆಸ್ ಶೇ 3 ನಮ್ಮ ವರಮಾನ ಅಲ್ಲ, ಕಟ್ಟಬೇಕಾದ ಹೊಣೆ. ಏಪ್ರಿಲ್‌ನಲ್ಲಿ ಕಟ್ಟುವವರಿಗೆ ಕೊಡುವ ಶೇ 5 ರಿಯಾಯಿತಿಯನ್ನೂ ಕಳೆಯಿರಿ.

ಆಮೇಲೆ ಮೀಸಲು. ಪುರಸಭಾ ನಿಧಿ ಮತ್ತು ಎಸ್‌ಎಫ್‌ಸಿ ಮುಕ್ತನಿಧಿಯಲ್ಲಿ ಪರಿಶಿಷ್ಟರಿಗೆ ಶೇ 24.10, ಇತರೆ ಬಡಜನರಿಗೆ ಶೇ 7.25, ವಿಕಲಚೇತನರಿಗೆ ಶೇ 5, ಒಟ್ಟು ಶೇ 36.35. ಇದನ್ನು ಮೊದಲೇ ಎತ್ತಿಡಬೇಕು. ಎಲ್ಲ ಹಂಚಿಯಾದ ಮೇಲೆ ಉಳಿದದ್ದರಲ್ಲಿ ನೋಡೋಣ ಎಂದರೆ ಉಳಿಯುವುದೇ ಇಲ್ಲ.

ಈಗ ಶಾಖೆಗಳಿಗೆ ಪಟ್ಟಿಗಳನ್ನು ವಾಪಸ್ ಕಳಿಸಿ. ಪ್ರತಿ ಸಾಲಿಗೂ ಇಷ್ಟು ಅಂಕಣ ತುಂಬಿಸಿ ತರಲಿ: 2023-24ರ ವಾಸ್ತವ ಖರ್ಚು, 2024-25ರ ಬಜೆಟ್, ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ವಾಸ್ತವ, ಜನವರಿಯಿಂದ ಮಾರ್ಚ್‌ವರೆಗೆ ಆಗುವುದು, ಪಾವತಿ ಬಾಕಿ, ಮುಂದಿನ ವರ್ಷದ ಪರಿಮಾಣ, ಘಟಕ ದರ, ದರಕ್ಕೆ ಆಧಾರ, ನಿಧಿಯ ಮೂಲ. ಪರಿಮಾಣ ಮತ್ತು ದರದ ಅಂಕಣ ಖಾಲಿ ಇದ್ದರೆ ಆ ಸಾಲನ್ನು ಚರ್ಚೆಗೇ ತೆಗೆದುಕೊಳ್ಳಬೇಡಿ. ಹೋಲಿಕೆ ಯಾವಾಗಲೂ ವಾಸ್ತವದ ಜೊತೆ ಇರಲಿ, ಹಿಂದಿನ ಬಜೆಟ್ ಜೊತೆ ಬೇಡ. "ಹಿಂದಿನ ವರ್ಷ 40 ಲಕ್ಷ ಇತ್ತು, ಈಗ 44 ಕೇಳಿದ್ದೇವೆ" ಎನ್ನುತ್ತಾರೆ. ಖರ್ಚಾದದ್ದು 22 ಲಕ್ಷ ಎಂದು ವಹಿ ಹೇಳುತ್ತದೆ.

ಒಂಬತ್ತು ತಿಂಗಳ ಖರ್ಚನ್ನು 9ರಿಂದ ಭಾಗಿಸಿ 12ರಿಂದ ಗುಣಿಸುವುದು ಎಲ್ಲದಕ್ಕೂ ಹೊಂದುವುದಿಲ್ಲ. ಡಿಸೆಂಬರ್ ವಿದ್ಯುತ್ ಬಿಲ್ಲು ಪಾಸಾಗುವುದು ಜನವರಿಯಲ್ಲಿ. ವರ್ಷಾರಂಭದಲ್ಲಿ ಮಾರ್ಚ್ ಬಿಲ್ಲನ್ನು ಹಿಂದಿನ ವರ್ಷದ ಬಾಕಿಗೆ ಹಾಕಿದ್ದರೆ ಒಂಬತ್ತು ತಿಂಗಳಲ್ಲಿ ಎಂಟೇ ಬಿಲ್ಲು ಇರುತ್ತವೆ. ರಾಜಕಾಲುವೆ ಹೂಳೆತ್ತುವುದು ಇದಕ್ಕೆ ತದ್ವಿರುದ್ಧ: ಮಳೆಗಾಲಕ್ಕೆ ಮುನ್ನ ಏಪ್ರಿಲ್–ಮೇನಲ್ಲೇ ಪೂರ್ತಿ ಮುಗಿದಿರುತ್ತದೆ. ಅದನ್ನು 12ಕ್ಕೆ ಏರಿಸಿದರೆ ಮೂರನೇ ಒಂದು ಭಾಗ ಸುಮ್ಮನೆ ಹೆಚ್ಚು ಬರೆದಂತೆ.

ಪಂಪ್‌ಹೌಸ್

ನೀರಿನ ಶಾಖೆಯದು ಅತಿ ಸುಲಭವಾಗಿ ತಾಳೆ ನೋಡಬಹುದಾದ ಪಟ್ಟಿ, ಏಕೆಂದರೆ ಎಲ್ಲಕ್ಕೂ ಅಳತೆ ಇದೆ.

ವಿದ್ಯುತ್: 75 ಎಚ್‌ಪಿ ಮೋಟರ್ ಎಂದರೆ 56 ಕಿಲೋವ್ಯಾಟ್. ಮೋಟರ್ ದಕ್ಷತೆ ಶೇ 90 ಹಿಡಿದರೆ ಮೀಟರಿನಿಂದ ಎಳೆಯುವುದು ಸುಮಾರು 62 ಕಿಲೋವ್ಯಾಟ್. ದಿನಕ್ಕೆ 16 ಗಂಟೆ, 365 ದಿನ ಓಡಿದರೆ ವರ್ಷಕ್ಕೆ ಸುಮಾರು 3.63 ಲಕ್ಷ ಯೂನಿಟ್. ಪಂಪ್ ಲಾಗ್‌ಬುಕ್‌ನ ಗಂಟೆ ಮತ್ತು ಬಿಲ್ಲಿನ ಯೂನಿಟ್ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಬಿಲ್ಲಿನ ಯೂನಿಟ್ ಬಹಳ ಹೆಚ್ಚಿದ್ದರೆ ಲಾಗ್‌ಬುಕ್ ಸರಿ ಬರೆದಿಲ್ಲ, ಇಲ್ಲವೇ ಮೋಟರನ್ನು ಮೂರು ನಾಲ್ಕು ಸಲ ರಿವೈಂಡ್ ಮಾಡಿಸಿ (ಒಳಗಿನ ತಂತಿ ಮರುಸುತ್ತಿಸಿ) ದಕ್ಷತೆ ಬಿದ್ದಿದೆ. ಪದೇ ಪದೇ ರಿವೈಂಡಿಂಗ್ ಖರ್ಚು ಕೇಳುವ ಮೋಟರಿಗೆ ಹೊಸದನ್ನೇ ಕೊಡುವುದು ಅಗ್ಗವಾದೀತೇ ಎಂದು ಲೆಕ್ಕ ಹಾಕಿಸಿ. ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ದಂಡ (ಎಳೆದ ವಿದ್ಯುತ್ತು ಪೂರ್ತಿ ಕೆಲಸಕ್ಕೆ ಬಾರದಿದ್ದರೆ ಹಾಕುವ ದಂಡ) ಎಂಬ ಸಾಲು ಪ್ರತಿ ತಿಂಗಳೂ ಕಾಣಿಸಿದರೆ ಅದನ್ನು ತಡೆಯುವ ಕೆಪಾಸಿಟರ್ ಸುಟ್ಟುಹೋಗಿ ಹಾಗೇ ಬಿದ್ದಿರಬಹುದು. ಕೆಪಾಸಿಟರಿಗೆ ಹಣ ಕೊಡಿ, ದಂಡಕ್ಕೆ ಕೊಡಬೇಡಿ. ಎಸ್‌ಎಫ್‌ಸಿ ವಿದ್ಯುತ್ ಅನುದಾನದಲ್ಲಿ ಹೋಗುವ ಬಿಲ್ಲು ಪುರಸಭಾ ನಿಧಿಯ ಬೇಡಿಕೆಯಲ್ಲೂ ಬಂದಿದೆಯೇ ಎಂದು ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಹಿಡಿದು ನೋಡಿ. ಬಳಕೆಯಲ್ಲಿಲ್ಲದ ಕೊಳವೆಬಾವಿಯ ಆರ್‌ಆರ್ ನಂಬರಿಗೂ ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ, ಅಂಥವನ್ನು ರದ್ದು ಮಾಡಿಸಿ.

ಬ್ಲೀಚಿಂಗ್ ಪೌಡರ್: ದಿನಕ್ಕೆ 40 ಲಕ್ಷ ಲೀಟರ್ ನೀರು, ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಎಂದರೆ ದಿನಕ್ಕೆ 8 ಕೆಜಿ ಕ್ಲೋರಿನ್ ಬೇಕು. ಚೀಲದ ಮೇಲೆ ಕ್ಲೋರಿನ್ ಅಂಶ ಶೇ 33 ಎಂದಿದ್ದರೆ 24 ಕೆಜಿ ಪುಡಿ ಸಾಕು, ವರ್ಷಕ್ಕೆ ಸುಮಾರು 8.8 ಟನ್. ಗೋದಾಮಿನಲ್ಲಿ ಸೆಕೆ, ತೇವ ತಾಗಿ ಶೇ 25ಕ್ಕೆ ಇಳಿದರೆ ಅದೇ ಕೆಲಸಕ್ಕೆ 32 ಕೆಜಿ, ವರ್ಷಕ್ಕೆ 11.7 ಟನ್. ಹಾಗಾಗಿ 9ರಿಂದ 12 ಟನ್ ಒಳಗಿನ ಬೇಡಿಕೆ ನ್ಯಾಯವಾದದ್ದು. ವರ್ಷದ್ದನ್ನೆಲ್ಲ ಒಂದೇ ಸಲ ಕೊಂಡರೆ ಕೊನೆಯ ಚೀಲಗಳಲ್ಲಿ ವಾಸನೆ ಇರುತ್ತದೆ, ಸತ್ವ ಇರುವುದಿಲ್ಲ. ಟೆಂಡರ್ ವರ್ಷಕ್ಕೆ ಒಂದೇ ಇರಲಿ, ಸರಬರಾಜು ಮೂರು ತಿಂಗಳಿಗೊಮ್ಮೆ ಎಂದು ಷರತ್ತು ಹಾಕಿಸಿ. ಪ್ರತಿ ಲೋಡ್ ಬಂದಾಗ ಕ್ಲೋರಿನ್ ಅಂಶದ ಪರೀಕ್ಷೆಗೂ ಒಂದು ಸಣ್ಣ ಮೊತ್ತ ಇಡಿ. ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಸಿಗಬೇಕು, ಅದಕ್ಕೇ ಇಷ್ಟೆಲ್ಲ. ಈ ಶೀರ್ಷಿಕೆಯನ್ನು ಮಾತ್ರ ದಯವಿಟ್ಟು ಕುರುಡಾಗಿ ಕತ್ತರಿಸಬೇಡಿ. ಪುಡಿ ಮುಗಿದ ವಾರ ವಾಂತಿಭೇದಿ ಬರುವುದು ಬಡವರ ಕೇರಿಗೇ.

ಆಲಂಗೆ ವರ್ಷವಿಡೀ ಒಂದೇ ಪ್ರಮಾಣ ಹಿಡಿಯಬೇಡಿ. ನದಿ ನೀರಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು ನೀರು. ಲೀಟರಿಗೆ 50 ಮಿಲಿಗ್ರಾಂ ಎಂದರೆ ದಿನಕ್ಕೆ 200 ಕೆಜಿ, 122 ದಿನಕ್ಕೆ 24.4 ಟನ್. ಉಳಿದ 243 ದಿನ 20 ಮಿಲಿಗ್ರಾಂನಂತೆ ದಿನಕ್ಕೆ 80 ಕೆಜಿ, 19.4 ಟನ್. ನಿಮ್ಮ ಘಟಕದ ನಿಜವಾದ ಪ್ರಮಾಣ ಜಾರ್ ಟೆಸ್ಟ್ (ನೀರಿಗೆ ಎಷ್ಟು ಆಲಂ ಬೇಕೆಂದು ಅಳೆಯುವ ಪರೀಕ್ಷೆ) ವಹಿಯಲ್ಲಿ ಸಿಗುತ್ತದೆ. ವಹಿಯೇ ಇಲ್ಲದಿದ್ದರೆ ಅಂದಾಜಿನ ಮೇಲೆ ಸುರಿಯುತ್ತಿದ್ದಾರೆ.

6 ಕೊಳವೆಬಾವಿಯ ಬಗ್ಗೆ: ಮೊದಲು ಈಗಿರುವ ಎಲ್ಲ ಕೊಳವೆಬಾವಿಗಳ ಪಟ್ಟಿ ಕೇಳಿ. ಆಳ, ಕೇಸಿಂಗ್ (ಮಣ್ಣು ಕುಸಿಯದಂತೆ ಇಳಿಸುವ ಪೈಪು), ಇಳುವರಿ, ಯಾವ ತಿಂಗಳಲ್ಲಿ ಬತ್ತುತ್ತದೆ, ಕೊನೆಯ ಸಲ ಫ್ಲಶಿಂಗ್ (ಹೂಳು ತೆಗೆದು ಶುದ್ಧಿ) ಮಾಡಿಸಿದ್ದು ಯಾವಾಗ. ಫ್ಲಶಿಂಗ್‌ನಲ್ಲೇ ನೀರು ಸಿಗುವಂತಿದ್ದರೆ ಹೊಸದೇಕೆ? ಹೊಸದೇ ಬೇಕು ಎಂದಾದರೆ ಅಂದಾಜಿನಲ್ಲಿ ಭೂಗರ್ಭ ತಜ್ಞರ ಪಾಯಿಂಟ್, ಕೊರೆಯುವುದು, ಕೇಸಿಂಗ್, ಪಂಪು–ಮೋಟರ್, ಕೇಬಲ್, ಪ್ಯಾನಲ್ ಬೋರ್ಡ್, ವಿದ್ಯುತ್ ಕಂಪನಿಗೆ ಠೇವಣಿ, ಟ್ಯಾಂಕಿನವರೆಗಿನ ಪೈಪ್‌ಲೈನ್ ಎಲ್ಲವೂ ಇರಬೇಕು. ಸಾಮಾನ್ಯವಾಗಿ ಕೊರೆಯುವುದು ಮತ್ತು ಕೇಸಿಂಗ್ ಮಾತ್ರ ಬರೆದು ತರುತ್ತಾರೆ. ನೀರು ಬಿದ್ದರೂ ಕರೆಂಟಿಲ್ಲದೆ ಮುಚ್ಚಳ ಹಾಕಿ ನಿಲ್ಲಿಸಿದ ಬೋರುಗಳು ಆಗುವುದು ಹೀಗೇ. ಅರೆಬರೆ 6ಕ್ಕಿಂತ ಪೂರ್ತಿ ವೆಚ್ಚ ಸೇರಿದ 3 ಮೇಲು.

ಸ್ಥಾಯಿಸಮಿತಿ_23

ಇಬ್ಬರಿಗೂ ಧನ್ಯವಾದ. ಶಿಲ್ಕು ಬಿಡಿಸುವ ಲೆಕ್ಕವನ್ನು ನಾಳೆಯೇ ಕೇಳುತ್ತೇವೆ. ಆರೋಗ್ಯ ಶಾಖೆಯ ವಾಹನಗಳ ಬಗ್ಗೆ ಯಾರಾದರೂ ಹೇಳಿ. 2 ಟಿಪ್ಪರನ್ನು ಸ್ವಂತ ನಿಧಿಯಿಂದಲೇ ಕೇಳಿದ್ದಾರೆ. ದುರಸ್ತಿ ಕೇಳಿರುವ ಲಾರಿ 2009ರದು.

ಆರೋಗ್ಯ_ಶಾಖೆ

2009ರ ಲಾರಿಗೆ ದುರಸ್ತಿ ಹಣ ಬೇಡ. ಸರ್ಕಾರಿ ಮತ್ತು ಸ್ಥಳೀಯ ಸಂಸ್ಥೆಗಳ ವಾಹನ 15 ವರ್ಷ ದಾಟಿದರೆ ನೋಂದಣಿ ನವೀಕರಣ ಇಲ್ಲ, 2023ರ ಏಪ್ರಿಲ್ 1ರಿಂದ ಈ ನಿಯಮ ಜಾರಿಯಲ್ಲಿದೆ. ಎಂಜಿನ್ ಕೆಲಸ ಮಾಡಿಸಿದರೂ ರಸ್ತೆಗೆ ತರುವಂತಿಲ್ಲ. ಆರ್‌ಸಿ ಪುಸ್ತಕದಲ್ಲಿ ನೋಂದಣಿ ದಿನಾಂಕ ನೋಡಿ, 15 ಕಳೆದಿದ್ದರೆ ಗುಜರಿ ವಿಲೇವಾರಿಗೆ ಹಾಕಿಸಿ, ಬರುವ ಹಣವನ್ನು ವರಮಾನದ ಕಡೆ ಒಂದು ಸಾಲು ಬರೆಯಿರಿ. ಎಲ್ಲ ವಾಹನಗಳ ವಯಸ್ಸಿನ ಪಟ್ಟಿಯನ್ನು ಬಜೆಟ್ ಕಡತದಲ್ಲೇ ಇಟ್ಟರೆ ಮುಂದಿನ ಎರಡು ವರ್ಷದಲ್ಲಿ ಯಾವುದು ಹೋಗುತ್ತದೆ ಎಂದು ಮೊದಲೇ ಗೊತ್ತಿರುತ್ತದೆ.

ಆಟೋ ಟಿಪ್ಪರ್ ಸ್ವಂತ ನಿಧಿಯಿಂದ ಏಕೆ? ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನಿರ್ಬಂಧಿತ. ಅದರಲ್ಲಿ ಅರ್ಧ ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ. ಟಿಪ್ಪರ್ ನೈರ್ಮಲ್ಯದ ಭಾಗದಲ್ಲಿ ಬರುತ್ತದೆ, ಕ್ರಿಯಾಯೋಜನೆಯಲ್ಲಿ ಸೇರಿಸಿ ಮಂಜೂರಾತಿ ತರಿಸಿ. 2025-26 ಆ ಆಯೋಗದ ಅವಧಿಯ ಕೊನೆಯ ವರ್ಷ, ಈಗ ಬಿಟ್ಟರೆ ತಡವಾಗುತ್ತದೆ. ಆದರೆ ಆ ಅನುದಾನದಲ್ಲಿ ಸಂಬಳ ಕೊಡುವಂತಿಲ್ಲ. ಟಿಪ್ಪರ್ ಅಲ್ಲಿಂದ ಬಂದರೂ ಚಾಲಕರು, ಲೋಡರ್, ಡೀಸೆಲ್, ಟೈರ್, ವಿಮೆ, ಎಫ್‌ಸಿ (ವಾಹನದ ಯೋಗ್ಯತಾ ಪತ್ರ) ನಿಮ್ಮ ನಿಧಿಯಲ್ಲಿ ಇರಬೇಕು. ವಾಹನ ಬಂದು ಚಾಲಕರಿಲ್ಲದೆ ಶೆಡ್‌ನಲ್ಲಿ ನಿಲ್ಲುವುದು ಈ ಸಾಲುಗಳು ಬಿಟ್ಟುಹೋದಾಗ.

ಡೀಸೆಲ್ ಲೆಕ್ಕ: ಉದಾಹರಣೆಗೆ ಒಟ್ಟು 8 ಟಿಪ್ಪರ್, ದಿನಕ್ಕೆ 30 ಕಿಲೋಮೀಟರ್, 365 ದಿನ ಎಂದರೆ 87,600 ಕಿಲೋಮೀಟರ್. ಲೀಟರಿಗೆ 12 ಕಿಲೋಮೀಟರ್ ಕೊಟ್ಟರೆ 7,300 ಲೀಟರ್. ಮನೆ ಮನೆ ಮುಂದೆ ನಿಂತು ಹೊರಡುವ ಗಾಡಿಗೆ ಕಂಪನಿ ಹೇಳಿದ ಮೈಲೇಜ್ ಬರುವುದಿಲ್ಲ. ಒಂದು ವಾರ ಟ್ಯಾಂಕ್ ತುಂಬಿಸಿ ಅಳೆದು ನಿಮ್ಮದೇ ಸಂಖ್ಯೆ ಹಿಡಿಯಿರಿ. ಜೆಸಿಬಿ ಬಾಡಿಗೆಗೆ ಗಂಟೆಯ ಲಾಗ್ ಇಲ್ಲದ ಬಿಲ್ಲನ್ನು ಆಧಾರವಾಗಿ ಒಪ್ಪಬೇಡಿ.

ಹೊರಗುತ್ತಿಗೆ ಚಾಲಕರ ವೆಚ್ಚದಲ್ಲಿ ಬರೀ ಕೂಲಿ ಬರೆದಿರುತ್ತಾರೆ. ಉದಾಹರಣೆಗೆ ತಿಂಗಳಿಗೆ 17,000 ಕೂಲಿಯಾದರೆ ಮಾಲೀಕರ ಪಾಲಿನ ಪಿಎಫ್ 15,000ದ ಮಿತಿಯ ಮೇಲೆ ವಿಮೆ, ಆಡಳಿತ ಶುಲ್ಕ ಸೇರಿ ಶೇ 13 ಅಂದರೆ 1,950, ಇಎಸ್‌ಐ ಶೇ 3.25 ಅಂದರೆ 552 ರೂಪಾಯಿ 50 ಪೈಸೆ. ತಲೆಗೆ 19,502 ರೂಪಾಯಿ 50 ಪೈಸೆ, ವರ್ಷಕ್ಕೆ 2,34,030. ಮೇಲೆ ಏಜೆನ್ಸಿಯ ಸೇವಾ ಶುಲ್ಕ. ಇದನ್ನು ಬಿಟ್ಟರೆ ಕೊನೆಗೆ ಕಾರ್ಮಿಕರ ಪಿಎಫ್ ಕಟ್ಟದೇ ಉಳಿಯುತ್ತದೆ.

ಪೌರಕಾರ್ಮಿಕರ ಸಂಖ್ಯೆ 700 ಜನರಿಗೆ ಒಬ್ಬರಂತೆ 35,000ಕ್ಕೆ 50. ಸುರಕ್ಷಾ ಸಾಮಗ್ರಿಯನ್ನು ತಲೆಲೆಕ್ಕದಲ್ಲಿ ಬರೆಸಿ: ಗಮ್‌ಬೂಟು ವರ್ಷಕ್ಕೆ 2 ಜೊತೆ ಎಂದರೆ 100 ಜೊತೆ, ಕೈಗವಸು ತಿಂಗಳಿಗೊಂದು ಜೊತೆ ಎಂದರೆ 600, ರೇನ್‌ಕೋಟ್ 50. ಬೂಟಿನ ಅಳತೆ ಪಟ್ಟಿಯನ್ನೂ ಕೇಳಿ. ಎಲ್ಲರಿಗೂ 9ನೇ ನಂಬರ್ ತಂದರೆ ಹೆಣ್ಣುಮಕ್ಕಳು ಹಾಕಿಕೊಳ್ಳಲು ಆಗದೆ ಬರಿಗಾಲಲ್ಲೇ ಚರಂಡಿಗೆ ಇಳಿಯುತ್ತಾರೆ. ಮಹಿಳೆಯರಿಗೆ 4ರಿಂದ 6ರ ನಂಬರ್ ಹೆಚ್ಚು ಬೇಕಾಗುತ್ತದೆ. ರೇನ್‌ಕೋಟ್ ಟೆಂಡರ್ ಏಪ್ರಿಲ್ ಮೊದಲ ವಾರ ಹೊರಟರೆ ಜೂನ್‌ಗೆ ಕೈಗೆ ಬರುತ್ತದೆ.

ಇನ್ನೊಂದು ಮಾತು: ಬ್ಲೀಚಿಂಗ್ ಪೌಡರ್ ನೀರಿನ ಶಾಖೆಯಲ್ಲೂ ಚರಂಡಿಗೆಂದು ಆರೋಗ್ಯ ಶಾಖೆಯಲ್ಲೂ ಇರುತ್ತದೆ. ಎರಡೂ ಬೇಕಾದವೇ, ಆದರೆ ಒಂದೇ ಟೆಂಡರಿನಲ್ಲಿ ಕೊಂಡು ದಾಸ್ತಾನು ವಹಿ ಬೇರೆ ಬೇರೆ ಇಡಲಿ.

ಎಂಬಿ_ಪುಸ್ತಕ

ವಾರ್ಡಿಗೆ ತಲಾ 5 ಲಕ್ಷ ಎಂಬುದು ಬೇಡಿಕೆ ಅಲ್ಲ, ಹಂಚಿಕೆ. ಮೊದಲು ಅಪೂರ್ಣ ಕಾಮಗಾರಿಗಳನ್ನು ಎತ್ತಿಡಿ. ಕಾರ್ಯಾದೇಶ 20 ಲಕ್ಷದ್ದು, ಮಾರ್ಚ್ ಒಳಗೆ 12 ಪಾವತಿಯಾಗುತ್ತದೆ ಎಂದರೆ ಉಳಿದ 8 ಲಕ್ಷ ಹೊಸ ವರ್ಷದ ಮೊದಲ ಸಾಲು. ಇದನ್ನು ಬಿಟ್ಟು ಹೊಸ ಕಾಮಗಾರಿ ಬರೆದದ್ದರಿಂದಲೇ ಬಾಕಿ ಬಿಲ್ಲು ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ.

ಆಮೇಲೆ ಕಾಮಗಾರಿ ವಹಿ ತರಿಸಿ ಪ್ರತಿ ರಸ್ತೆಯನ್ನೂ ದೋಷ ಹೊಣೆಗಾರಿಕೆ ಅವಧಿಯ (ಕೆಲಸ ಮುಗಿದ ಮೇಲೂ ದೋಷಕ್ಕೆ ಗುತ್ತಿಗೆದಾರರು ಹೊಣೆಯಾಗಿರುವ ಅವಧಿ) ಜೊತೆ ತಾಳೆ ನೋಡಿ. ಆ ಅವಧಿಯೊಳಗೆ ಕಿತ್ತುಹೋದ ರಸ್ತೆಯನ್ನು ಗುತ್ತಿಗೆದಾರರೇ ಸರಿಮಾಡಿಕೊಡಬೇಕು, ಅದಕ್ಕೇ ಅವರ ಠೇವಣಿ ನಮ್ಮಲ್ಲಿರುವುದು. ಕಷ್ಟ ಏನೆಂದರೆ ಒಂದೇ ರಸ್ತೆಗೆ ಎರಡು ಹೆಸರು. ಒಂದು ವರ್ಷ "ಮಾರಿಗುಡಿಯಿಂದ ಸಂತೆ ಮೈದಾನದವರೆಗೆ", ಮರುವರ್ಷ "ಸಂತೆ ಮೈದಾನದ ಹಿಂಭಾಗದ ರಸ್ತೆ". ಹೆಸರನ್ನು ನಂಬಬೇಡಿ. ಆರಂಭ ಮತ್ತು ಕೊನೆಯ ಜಾಗದ ಜಿಪಿಎಸ್ ಫೋಟೊ, ಉದ್ದ, ಅಗಲ ಬರೆದ ಪಟ್ಟಿ ಕೇಳಿ, ಪುರಸಭೆಯ ನಕ್ಷೆಯ ಮೇಲೆ ಬಣ್ಣದ ಪೆನ್ನಿನಿಂದ ಗುರುತು ಹಾಕಿಸಿ. 23 ಗೆರೆ ಎಳೆಯುವಷ್ಟರಲ್ಲಿ ಎರಡು ಗೆರೆ ಒಂದರ ಮೇಲೊಂದು ಬಿದ್ದರೆ ಕಣ್ಣಿಗೇ ಕಾಣುತ್ತದೆ.

ಪರಿಮಾಣವನ್ನು ನೀವೇ ಗುಣಿಸಬಹುದು. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಸಿಸಿ ರಸ್ತೆಗೆ 45 ಘನ ಮೀಟರ್ ಕಾಂಕ್ರೀಟ್. ಅಂದಾಜುಪಟ್ಟಿಯಲ್ಲಿ 60 ಇದ್ದರೆ ಅಗಲ 4 ಮೀಟರ್ ಇಲ್ಲವೇ ದಪ್ಪ 20 ಸೆಂಟಿಮೀಟರ್ ಹಿಡಿದಿರಬಹುದು, ಸ್ಥಳದಲ್ಲಿ ಟೇಪ್ ಹಿಡಿದು ನೋಡಿ. ದರ ಚಾಲ್ತಿ ಎಸ್‌ಆರ್ (ಸರ್ಕಾರದ ದರಪಟ್ಟಿ) ಪ್ರಕಾರ ಇರಬೇಕು, ಜಿಎಸ್‌ಟಿ ಶೇ 18 ಸೇರಿರಬೇಕು. ಜಿಎಸ್‌ಟಿ ಬಿಟ್ಟು 5 ಲಕ್ಷಕ್ಕೆ ಕೂರಿಸಿದ ಅಂದಾಜು ನಿಜದಲ್ಲಿ 5 ಲಕ್ಷ 90 ಸಾವಿರ.

ಒಂದೇ ರಸ್ತೆಯನ್ನು ತುಂಡು ಮಾಡಿ ಎರಡು ಮೂರು ಸಾಲಾಗಿ ಬರೆದಿದ್ದರೆ ಒಟ್ಟುಗೂಡಿಸಿ ಒಂದೇ ಟೆಂಡರ್ ಮಾಡಿಸಿ. ಒಳಚರಂಡಿ ಅಥವಾ ನೀರಿನ ಪೈಪ್ ಹಾಕುವ ಪಟ್ಟಿಯಲ್ಲಿರುವ ಬೀದಿಗೆ ಈ ವರ್ಷ ಕಾಂಕ್ರೀಟ್ ಬೇಡವೇ ಬೇಡ. ಪುರಸಭೆಗೆ ಹಸ್ತಾಂತರವಾಗದ ಬಡಾವಣೆಯ ರಸ್ತೆಗೂ ಕಾರಣ ಕೇಳಿ.

ಲೆಕ್ಕಶಾಖೆ

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಕಡಿತ ಮಾಡಿದ ಪ್ರತಿ ಸಾಲಿಗೂ ನಡಾವಳಿಯಲ್ಲಿ ಕಾರಣ ಬರೆಸಿ: "ಹೊಣೆಗಾರಿಕೆ ಅವಧಿಯಲ್ಲಿದೆ", "ಆಯೋಗದ ಅನುದಾನಕ್ಕೆ ವರ್ಗ", "ಪರಿಮಾಣ ಸಲ್ಲಿಸಿಲ್ಲ". ಬರೀ ಮೊತ್ತ ತಿದ್ದಿದರೆ ಜುಲೈನಲ್ಲಿ ಅದೇ ಬೇಡಿಕೆ ಪೂರಕ ಪ್ರಸ್ತಾವನೆಯಾಗಿ ಬರುತ್ತದೆ, ಏಕೆ ಬಿಟ್ಟಿದ್ದೆವು ಎಂದು ಆಗ ಯಾರಿಗೂ ನೆನಪಿರುವುದಿಲ್ಲ.

ಪಂಪ್‌ಹೌಸ್

ಟ್ಯಾಂಕರ್ ನೀರನ್ನು ಮರೆತಿದ್ದೆ. ಬೇಸಿಗೆಯ ಮಾರ್ಚ್ ಒಂದು ಬಜೆಟ್‌ನಲ್ಲಿ, ಏಪ್ರಿಲ್–ಮೇ ಇನ್ನೊಂದರಲ್ಲಿ ಬರುತ್ತವೆ. ವಾರ್ಡು, ದಿನದ ಟ್ರಿಪ್ಪು, ದಿನಗಳು ಇವನ್ನು ಗುಣಿಸಿ ಮಾರ್ಚ್‌ನ ಮೊತ್ತವನ್ನು 2024-25ರ ಪರಿಷ್ಕೃತ ಅಂದಾಜಿನಲ್ಲಿ ಈಗಲೇ ಹಾಕಿ. ಉಳಿದ ಎರಡು ತಿಂಗಳದ್ದು ಹೊಸ ಬಜೆಟ್‌ಗೆ ಬರಲಿ. 2026ರ ಮಾರ್ಚ್‌ಗೂ ಒಂದು ತಿಂಗಳ ಟ್ರಿಪ್ಪು ಅದರಲ್ಲೇ ಇರಬೇಕು.